ಬೇರೆ ಮಾಡೆಲಿನ ಹಿಂದಿನ ಶಾಕ್ ನನ್ನ ಬೈಕಿಗೆ ಕೂರುತ್ತದೆಯೇ?

ಪ್ರಶ್ನೆ: ನನ್ನ 160 ಸಿಸಿ ಬೈಕಿನ ಹಿಂದಿನ ಮೊನೊಶಾಕ್ (ಒಂಟಿ ಶಾಕ್ ಅಬ್ಸಾರ್ಬರ್) ಎಣ್ಣೆ ಸೋರುತ್ತಿದೆ. ಲಿಂಕೇಜ್ (ಚಕ್ರ ಮತ್ತು ಶಾಕ್ ನಡುವಿನ ಸನ್ನೆ ಜೋಡಣೆ) ಇಲ್ಲದ ಬೈಕು, ಶಾಕ್ ನೇರವಾಗಿ ಹಿಂದಿನ ಚಕ್ರ ಹಿಡಿಯುವ ತೋಳಾದ ಸ್ವಿಂಗ್‌ಆರ್ಮ್‌ಗೆ ಬೋಲ್ಟ್ ಆಗುತ್ತದೆ. 250 ಸಿಸಿಯ ಇನ್ನೊಂದು ಮಾಡೆಲಿನ ಶಾಕ್ ಸಿಕ್ಕಿದೆ. ಪಕ್ಕದಲ್ಲಿ ಗ್ಯಾಸ್ ಡಬ್ಬಿ ಇದೆ, ಆ ಬೈಕಿನಲ್ಲಿ ಲಿಂಕೇಜ್ ಇತ್ತು. ಕಣ್ಣಿನಿಂದ ಕಣ್ಣಿಗೆ (ಎರಡು ತುದಿಯ ಬೋಲ್ಟ್ ತೂತುಗಳ ನಡುವೆ) ಹಳೆಯದು 265 ಮಿ.ಮೀ., ಇದು 270. ಮೇಲಿನ ಬೋಲ್ಟ್ ಎರಡಕ್ಕೂ 10 ಮಿ.ಮೀ. ಹೊಸದರ ಕೆಳಗಿನ ಕಣ್ಣಿನಲ್ಲಿ ಮಾತ್ರ 12 ಮಿ.ಮೀ. ತೂತಿದೆ, ಅಗಲವೂ 4 ಮಿ.ಮೀ. ಕಡಿಮೆ. ‘ಬುಷ್ ಹಾಕಿದ್ರೆ ಕೂತ್ಕೊಳ್ಳುತ್ತೆ’ ಎನ್ನುತ್ತಾರೆ ಮೆಕ್ಯಾನಿಕ್ (ಬುಷ್ ಅಂದರೆ ತೂತಿನೊಳಗೆ ಕೂರುವ ಕೊಳವೆ). ಹಿಂದೆ ಒಬ್ಬರನ್ನು ಕೂರಿಸಿಕೊಂಡು ಓಡಿಸುವುದೇ ಹೆಚ್ಚು. ದೊಡ್ಡ ಬೈಕಿನದಾದ್ದರಿಂದ ಇದು ಇನ್ನೂ ಗಟ್ಟಿಯಾಗಿರುತ್ತದೆ ತಾನೇ? ಹಾಕಿಸಬಹುದೇ?

ಉತ್ತರ: ಹಾಕಿಸಬಹುದು. ಆದರೆ ನೀವು ಕೊಟ್ಟಿರುವ ಅಳತೆಗಳಿಂದ ಅದನ್ನು ತೀರ್ಮಾನಿಸಲು ಆಗುವುದಿಲ್ಲ. ಬೋಲ್ಟ್ ತೂರುತ್ತದೆಯೇ ಎಂಬುದು ಈ ಕೆಲಸದಲ್ಲಿ ಅತ್ಯಂತ ಸುಲಭವಾದ ಪ್ರಶ್ನೆ, ಅದಕ್ಕೆ ಲೇತ್‌ನವರು ಅರ್ಧ ಗಂಟೆಯಲ್ಲಿ ಉತ್ತರ ಕೊಡುತ್ತಾರೆ. ಶಾಕ್ ಪೂರ್ತಿ ಒತ್ತಿಕೊಂಡಾಗ ಎಷ್ಟು ಉದ್ದ ಉಳಿಯುತ್ತದೆ, ನಿಮ್ಮ ಬೈಕಿನ ಸ್ವಿಂಗ್‌ಆರ್ಮ್ ಆ ಶಾಕ್ ಮೇಲೆ ಎಷ್ಟು ಪಟ್ಟು ಬಲ ಹಾಕುತ್ತದೆ, ಈ ಎರಡನ್ನು ತಿಳಿದುಕೊಳ್ಳದೆ ಹಾಕಿದರೆ ಅಂಗಡಿಯಲ್ಲಿ ಚೆನ್ನಾಗಿ ಕೂತ ಶಾಕ್ ಮೊದಲ ದೊಡ್ಡ ಗುಂಡಿಯಲ್ಲೇ ಟೈರನ್ನು ಮಡ್‌ಗಾರ್ಡಿಗೆ ಹೊಡೆಸುತ್ತದೆ. ಅದೂ ಹಿಂದೆ ಒಬ್ಬರು ಕೂತಿರುವಾಗ.

ಮೊದಲು ಸ್ಟ್ರೋಕ್. ಶಾಕ್‌ನ ರಾಡ್ ಎಷ್ಟು ಮಿ.ಮೀ. ಒಳಗೆ ಹೋಗುತ್ತದೋ ಅದು ಸ್ಟ್ರೋಕ್. ಸ್ಪ್ರಿಂಗ್ ತೆಗೆದಿಟ್ಟು ಅಳೆಯಬೇಕು. ರಾಡ್ ಪೂರ್ತಿ ಹೊರಗಿರುವಾಗ ಸಿಲಿಂಡರಿನ ತುದಿಯಿಂದ ಕೆಳಗಿನ ಕಣ್ಣಿನ ಬುಡದವರೆಗೆ ಕಾಣುವ ಉದ್ದ ಹಿಡಿಯಿರಿ, ಅದರಲ್ಲಿ ಬಂಪ್ ರಬ್ಬರ್ (ಕೊನೆಯ ಹೊಡೆತ ತಡೆಯಲು ರಾಡಿನ ಮೇಲಿರುವ ರಬ್ಬರ್) ಪೂರ್ತಿ ಹಿಸುಕಿದಾಗ ಉಳಿಯುವ ದಪ್ಪ ಕಳೆಯಿರಿ. ಸ್ಪಂಜಿನಂಥ ಪಾಲಿಯುರೆಥೇನ್ ಬಂಪ್ ರಬ್ಬರ್ ಜೋರು ಹೊಡೆತಕ್ಕೆ ಅರ್ಧಕ್ಕಿಂತ ಕಡಿಮೆ ದಪ್ಪಕ್ಕೆ ಇಳಿಯುತ್ತದೆ. ಅದರ ಪೂರ್ತಿ ದಪ್ಪವನ್ನೇ ಕಳೆದು ‘ಸ್ಟ್ರೋಕ್ ಇಷ್ಟೇ’ ಎಂದುಕೊಂಡರೆ ಲೆಕ್ಕದಲ್ಲಿ 10 ಮಿ.ಮೀ.ವರೆಗೂ ತಪ್ಪು ಬರಬಹುದು. ಗ್ಯಾಸ್ ಶಾಕ್‌ನ ರಾಡನ್ನು ಕೈಯಲ್ಲಿ ಒತ್ತಿದರೆ ತಾನಾಗಿ ಹೊರಗೆ ಬರುತ್ತದೆ, ಬರಲೇಬೇಕು. 14 ಮಿ.ಮೀ. ರಾಡ್, ಒಳಗೆ 10 ಬಾರ್ ಗ್ಯಾಸ್ ಇದ್ದರೆ ಆ ತಳ್ಳುವ ಬಲ ಸುಮಾರು 15 ಕೆ.ಜಿ. ತೂಕದಷ್ಟು. ಒತ್ತಿದ ರಾಡ್ ಒಳಗೇ ಉಳಿದುಬಿಟ್ಟರೆ ಗ್ಯಾಸ್ ಹೋಗಿದೆ ಎಂದರ್ಥ, ಆ ಶಾಕ್ ಮೊದಲು ರಿಪೇರಿಗೆ ಹೋಗಬೇಕು.

ನೀವು ಸ್ಟ್ರೋಕ್ ಬರೆದಿಲ್ಲ. ಹಳೆಯದರದು 45 ಮಿ.ಮೀ., 250ರದು 60 ಎಂದಿಟ್ಟುಕೊಂಡು ಲೆಕ್ಕ ತೋರಿಸುತ್ತೇನೆ, ನಿಮ್ಮ ಅಳತೆ ಬಂದ ಮೇಲೆ ಅಂಕಿ ಬದಲಿಸಿಕೊಳ್ಳಿ. ಹಳೆಯ ಶಾಕ್ ಪೂರ್ತಿ ಒತ್ತಿದಾಗ 265ರಲ್ಲಿ 45 ಕಳೆದು 220 ಮಿ.ಮೀ. ಹೊಸದು 270ರಲ್ಲಿ 60 ಕಳೆದು 210. ಬಿಚ್ಚಿಟ್ಟಾಗ ಉದ್ದವಾಗಿ ಕಾಣುವ ಶಾಕ್, ಒತ್ತಿಕೊಂಡಾಗ ಹಳೆಯದಕ್ಕಿಂತ 10 ಮಿ.ಮೀ. ಗಿಡ್ಡ. ಎಲ್ಲರೂ ಎಡವುವುದು ಇಲ್ಲೇ. ಕಣ್ಣಿನಿಂದ ಕಣ್ಣಿಗೆ ಅಳೆದು, ಹೊಂದಿತು ಎಂದು ಹಾಕಿಬಿಡುತ್ತಾರೆ.

ಈ 10 ಮಿ.ಮೀ. ಚಕ್ರದಲ್ಲಿ ಎಷ್ಟಾಗುತ್ತದೆ ಎಂಬುದು ಎರಡನೇ ಅಳತೆ. ಚಕ್ರ ಎಷ್ಟು ಮೇಲೆ ಹೋದರೆ ಶಾಕ್ ಎಷ್ಟು ಒತ್ತಿಕೊಳ್ಳುತ್ತದೆ ಎಂಬ ಅನುಪಾತವನ್ನು ಲೀವರೇಜ್ ರೇಶಿಯೊ ಎನ್ನುತ್ತಾರೆ. ಇದನ್ನು ಯಾವ ಪುಸ್ತಕದಲ್ಲೂ ಹುಡುಕಬೇಕಿಲ್ಲ. ಶಾಕ್ ಬಿಚ್ಚಿದ ಮೇಲೆ, ಬೈಕು ಸೆಂಟರ್ ಸ್ಟ್ಯಾಂಡ್ ಮೇಲಿರುವಾಗ, ಆ್ಯಕ್ಸಲ್‌ನಿಂದ ನೇರ ಮೇಲೆ ಹಿಂಭಾಗದ ಚೌಕಟ್ಟಿನಲ್ಲಿ ಒಂದು ಗುರುತು ಮಾಡಿ ಆ ಅಂತರ ಬರೆದುಕೊಳ್ಳಿ. ಶಾಕ್‌ನ ಮೇಲಿನ ಮತ್ತು ಕೆಳಗಿನ ಬೋಲ್ಟ್ ತೂತುಗಳ ನಡುವಿನ ಅಂತರವನ್ನೂ ಬರೆದುಕೊಳ್ಳಿ. ಚಕ್ರದ ಕೆಳಗೆ 20 ಮಿ.ಮೀ. ದಪ್ಪದ ಹಲಗೆ ಒಂದೊಂದಾಗಿ ಸೇರಿಸುತ್ತಾ ಪ್ರತಿ ಸಲ ಎರಡೂ ಅಂತರ ಅಳೆಯಿರಿ. ಚಕ್ರ 20 ಮಿ.ಮೀ. ಏರಿದಾಗ ತೂತುಗಳು 7.5 ಮಿ.ಮೀ. ಹತ್ತಿರ ಬಂದರೆ ಅನುಪಾತ 2.67. ಆರೇಳು ಅಳತೆ ತೆಗೆದುಕೊಂಡರೆ ಚಲನೆಯ ಉದ್ದಕ್ಕೂ ಅದು ಹೇಗೆ ಬದಲಾಗುತ್ತದೆ ಎಂಬುದೂ ಗೊತ್ತಾಗುತ್ತದೆ. ಲಿಂಕೇಜ್ ಇಲ್ಲದ ಬೈಕುಗಳಲ್ಲಿ ಬದಲಾವಣೆ ಸಾಮಾನ್ಯವಾಗಿ ಸಣ್ಣದು.

2.67 ಎಂದೇ ಹಿಡಿಯೋಣ. ಹಳೆಯ ಶಾಕ್‌ನ 45 ಮಿ.ಮೀ. ಸ್ಟ್ರೋಕ್‌ಗೆ ಚಕ್ರದ ಚಲನೆ 120 ಮಿ.ಮೀ. ಹೊಸ ಶಾಕ್ ಹಾಕಿದರೆ ಒತ್ತಿಕೊಳ್ಳುವ ಕಡೆ ಹೆಚ್ಚಾದ 10 ಮಿ.ಮೀ. ಚಕ್ರದಲ್ಲಿ 27 ಮಿ.ಮೀ. ಆಗುತ್ತದೆ. ತಯಾರಕರು ಟೈರಿನ ಮೇಲೆ ಅಷ್ಟು ಜಾಗ ಬಿಟ್ಟಿರುವುದು ಅಪರೂಪ. ಟೈರು ಹೊಡೆಯುವುದು ಮಡ್‌ಗಾರ್ಡಿಗಾದರೆ ಶಬ್ದ ಬಂದು ಎಚ್ಚರವಾಗುತ್ತದೆ. ಕೆಲವು ಬೈಕುಗಳಲ್ಲಿ ಸೀಟಿನ ಕೆಳಗಿನ ವೈರಿಂಗ್ ಅಥವಾ ಟೈಲ್ ಲ್ಯಾಂಪಿನ ಬೋಲ್ಟ್ ತುದಿಗೆ ತಗುಲಿ ಟೈರೇ ಸೀಳುತ್ತದೆ. ಆದ್ದರಿಂದ ನಿಯಮ ಹೀಗಿಟ್ಟುಕೊಳ್ಳಿ: ಪೂರ್ತಿ ಒತ್ತಿದ ಉದ್ದ ಹಳೆಯದಕ್ಕಿಂತ ಕಡಿಮೆ ಇರಲೇಬಾರದು. ಪೂರ್ತಿ ಬಿಚ್ಚಿದ ಉದ್ದದಲ್ಲಿ (ಒತ್ತದೆ ಇರುವಾಗ ಕಣ್ಣಿನಿಂದ ಕಣ್ಣಿಗೆ) 3ರಿಂದ 5 ಮಿ.ಮೀ. ವ್ಯತ್ಯಾಸ ಸಹಿಸಬಹುದು, ಅದಕ್ಕೂ ಬೆಲೆ ತೆರಬೇಕು ಎಂಬುದನ್ನು ಮುಂದೆ ಹೇಳುತ್ತೇನೆ.

ಒತ್ತಿದ ಉದ್ದ ಕಡಿಮೆಯಿದ್ದರೆ ಶಾಕ್ ಎಸೆಯಬೇಕಿಲ್ಲ. ರಾಡಿನ ಮೇಲೆ, ಬಂಪ್ ರಬ್ಬರಿನ ಬುಡದಲ್ಲಿ, ಕೊರತೆ ಇರುವಷ್ಟೇ ದಪ್ಪದ ಬಳೆ ಕೂರಿಸಿದರೆ ಸ್ಟ್ರೋಕ್ ಅಷ್ಟು ಕಡಿಮೆಯಾಗುತ್ತದೆ. ನಮ್ಮ ಲೆಕ್ಕಕ್ಕೆ 10 ಮಿ.ಮೀ. ಬಳೆ, ಆಗ ಸ್ಟ್ರೋಕ್ 50, ಒತ್ತಿದ ಉದ್ದ ಹಳೆಯದರಷ್ಟೇ 220. ಬಳೆ ಗಟ್ಟಿ ನೈಲಾನ್ ಅಥವಾ ಅಸಿಟಾಲ್ ಪ್ಲಾಸ್ಟಿಕ್‌ನದಾಗಿರಲಿ, ಒಳತೂತು ರಾಡಿಗಿಂತ 0.5 ಮಿ.ಮೀ.ಯಷ್ಟು ಸಡಿಲವಿರಲಿ. ಕಬ್ಬಿಣದ ಬಳೆ ಹಾಕಿದರೆ ರಾಡಿನ ಕ್ರೋಮ್ ಗೀರುತ್ತದೆ, ಗೀರಿದ ರಾಡ್ ಆಯಿಲ್ ಸೀಲನ್ನು ಕೆಲವೇ ವಾರಗಳಲ್ಲಿ ತಿಂದುಹಾಕುತ್ತದೆ. ಬಿಚ್ಚಿದ ಉದ್ದವನ್ನೂ 265ಕ್ಕೆ ಇಳಿಸಬೇಕಿದ್ದರೆ ಸಿಲಿಂಡರ್ ಒಳಗೆ, ಪಿಸ್ಟನ್ ಮತ್ತು ಸೀಲ್ ಹೆಡ್ (ರಾಡ್ ಹೊರಬರುವ ತುದಿಯ ಮುಚ್ಚಳ) ನಡುವೆ 5 ಮಿ.ಮೀ. ತುಂಡು ಸೇರಿಸಬೇಕು. ಅದು ನೈಟ್ರೋಜನ್ ಬಿಟ್ಟು ಮತ್ತೆ ತುಂಬುವ ಸಲಕರಣೆ ಇರುವವರ ಕೆಲಸ. ಡಬ್ಬಿಯ ವಾಲ್ವನ್ನು ಮನೆಯಲ್ಲಿ ಒತ್ತಿ ನೋಡುವುದು, ಡಬ್ಬಿಗೆ ವೆಲ್ಡಿಂಗ್ ಶಾಖ ತಗುಲಿಸುವುದು, ತೂತು ಕೊರೆಯುವುದು, ಮೂರೂ ಬೇಡ. ಒಳಗೆ ಸಾಮಾನ್ಯವಾಗಿ 10 ಬಾರ್, ಕೆಲವದರಲ್ಲಿ ಅದಕ್ಕೂ ಹೆಚ್ಚು ಒತ್ತಡವಿರುತ್ತದೆ.

ಈಗ ‘ದೊಡ್ಡ ಬೈಕಿನದು, ಗಟ್ಟಿ’ ಎಂಬ ನಂಬಿಕೆಗೆ ಬರೋಣ. ಸ್ಪ್ರಿಂಗ್‌ನ ಗಟ್ಟಿತನ ಚಕ್ರಕ್ಕೆ ತಲುಪುವಾಗ ಲೀವರೇಜ್ ಅನುಪಾತದ ವರ್ಗದಿಂದ ಭಾಗವಾಗುತ್ತದೆ. ಒಂದು ಸಲ ಬಲ ಕಡಿಮೆಯಾಗುತ್ತದೆ, ಇನ್ನೊಂದು ಸಲ ಚಲನೆ ಹೆಚ್ಚಾಗುತ್ತದೆ, ಹಾಗಾಗಿ ವರ್ಗ. 250ರ ಬೈಕಿನಲ್ಲಿ ಲಿಂಕೇಜ್ ಇದ್ದುದರಿಂದ ಅಲ್ಲಿ 60 ಮಿ.ಮೀ. ಸ್ಟ್ರೋಕ್‌ಗೆ ಚಕ್ರದ ಚಲನೆ 130 ಮಿ.ಮೀ. ಎಂದಿಟ್ಟುಕೊಳ್ಳಿ, ಸರಾಸರಿ ಅನುಪಾತ 2.17, ವರ್ಗ 4.7. ಅದರ ಸ್ಪ್ರಿಂಗ್ ಪ್ರತಿ ಮಿ.ಮೀ.ಗೆ 90 ನ್ಯೂಟನ್ ಆದರೆ ಆ ಬೈಕಿನ ಚಕ್ರದಲ್ಲಿ ಅದು 19 ನ್ಯೂಟನ್. ಅದೇ ಸ್ಪ್ರಿಂಗ್ ನಿಮ್ಮ ಬೈಕಿಗೆ ಬಂದಾಗ 2.67ರ ವರ್ಗ 7.1ರಿಂದ ಭಾಗವಾಗಿ 12.7 ನ್ಯೂಟನ್ ಮಾತ್ರ. ಮೂರನೇ ಒಂದು ಪಾಲು ಗಟ್ಟಿತನ ದಾರಿಯಲ್ಲೇ ಕರಗಿತು. ನಿಮ್ಮ ಹಳೆಯ ಸ್ಪ್ರಿಂಗ್ 110 ಇದ್ದಿದ್ದರೆ ಚಕ್ರದಲ್ಲಿ ಅದು 15.5 ಕೊಡುತ್ತಿತ್ತು. ಅಂದರೆ ದೊಡ್ಡ ಬೈಕಿನ ಶಾಕ್ ನಿಮ್ಮ ಬೈಕನ್ನು ಮೆತ್ತಗೆ ಮಾಡುತ್ತದೆ. 60 ಕೆ.ಜಿ.ಯವರು ಹಿಂದೆ ಕೂತು ಅವರ ಭಾರವೆಲ್ಲ ಹಿಂದಿನ ಚಕ್ರದ ಮೇಲೆ ಬಿತ್ತೆಂದರೆ, ಹಳೆಯ ಸ್ಪ್ರಿಂಗ್‌ನಲ್ಲಿ ಬೈಕು 38 ಮಿ.ಮೀ. ಇಳಿಯುತ್ತಿದ್ದದ್ದು ಇದರಲ್ಲಿ 46 ಮಿ.ಮೀ. ಇಳಿಯುತ್ತದೆ.

ಇದರ ಜೊತೆಗೆ ಇನ್ನೊಂದು ತೊಡಕಿದೆ. ಲಿಂಕೇಜ್ ಇರುವ ಬೈಕಿನಲ್ಲಿ ಚಕ್ರ ಮೇಲೇರಿದಂತೆ ಗಟ್ಟಿಯಾಗುವ ಕೆಲಸವನ್ನು ಲಿಂಕೇಜೇ ಮಾಡುತ್ತದೆ, ಆದ್ದರಿಂದ ಸ್ಪ್ರಿಂಗ್ ಸುರುಳಿಗಳ ನಡುವಿನ ಅಂತರ ಮೇಲಿಂದ ಕೆಳಗೆ ಸಾಮಾನ್ಯವಾಗಿ ಒಂದೇ ಸಮ. ಲಿಂಕೇಜ್ ಇಲ್ಲದ ಬೈಕಿನಲ್ಲಿ ಆ ಕೆಲಸ ಸ್ಪ್ರಿಂಗ್ ಮೇಲೆಯೇ ಬೀಳುತ್ತದೆ, ಅದಕ್ಕೇ ಅನೇಕ ತಯಾರಕರು ಒಂದು ತುದಿಯಲ್ಲಿ ಸುರುಳಿ ಒತ್ತೊತ್ತಾಗಿರುವ ಸ್ಪ್ರಿಂಗ್ ಹಾಕುತ್ತಾರೆ. ನಿಮ್ಮ ಹಳೆಯ ಸ್ಪ್ರಿಂಗ್ ಅಂಥದ್ದೇ ಎಂದು ಒಮ್ಮೆ ನೋಡಿ. ಹಾಗಿದ್ದರೆ ಅದನ್ನು ತೆಗೆದು ಸಮ ಸುರುಳಿಯದನ್ನು ಹಾಕಿದಾಗ ಗುಂಡಿಯಲ್ಲಿ ಕೊನೆಯವರೆಗೂ ಕುಸಿಯುವ ಸಂಭವ ಇನ್ನೂ ಹೆಚ್ಚು.

ಸ್ಪ್ರಿಂಗ್‌ನ ಗಟ್ಟಿತನ ಅದರ ಮೇಲೆ ಬರೆದಿಲ್ಲದಿದ್ದರೆ ಅಳತೆಯಿಂದಲೇ ತೆಗೆಯಬಹುದು. ಎಲ್ಲವನ್ನೂ ಮಿ.ಮೀ.ನಲ್ಲಿ ಹಿಡಿದು, ತಂತಿಯ ದಪ್ಪದ ನಾಲ್ಕನೇ ಘಾತ ತೆಗೆಯಿರಿ (ದಪ್ಪ × ದಪ್ಪ × ದಪ್ಪ × ದಪ್ಪ), ಅದನ್ನು 78,500ರಿಂದ ಗುಣಿಸಿ. ಬಂದದ್ದನ್ನು ಸುರುಳಿಯ ಸರಾಸರಿ ವ್ಯಾಸದ ಘನ, ಕೆಲಸ ಮಾಡುವ ಸುರುಳಿಗಳ ಸಂಖ್ಯೆ ಮತ್ತು 8, ಈ ಮೂರರ ಗುಣಲಬ್ಧದಿಂದ ಭಾಗಿಸಿ. ಸರಾಸರಿ ವ್ಯಾಸ ಅಂದರೆ ಹೊರವ್ಯಾಸದಿಂದ ಒಂದು ತಂತಿಯ ದಪ್ಪ ಕಳೆದದ್ದು. ತುದಿಗಳನ್ನು ಚಪ್ಪಟೆ ಉಜ್ಜಿದ ಸ್ಪ್ರಿಂಗ್‌ನಲ್ಲಿ ಒಟ್ಟು ಸುರುಳಿಗಳಿಂದ ಎರಡನ್ನು ಬಿಡಿ. 11 ಮಿ.ಮೀ. ತಂತಿ, 62 ಮಿ.ಮೀ. ಸರಾಸರಿ ವ್ಯಾಸ, 6 ಸುರುಳಿ ಇದ್ದರೆ ಉತ್ತರ ಪ್ರತಿ ಮಿ.ಮೀ.ಗೆ 100 ನ್ಯೂಟನ್. ತಂತಿ 12 ಆದರೆ ಅದೇ ಸ್ಪ್ರಿಂಗ್ 142. ದಪ್ಪ ನಾಲ್ಕನೇ ಘಾತದಲ್ಲಿ ಬರುವುದರಿಂದ ಬಣ್ಣದ ಪದರವೂ ಲೆಕ್ಕ ಕೆಡಿಸುತ್ತದೆ. 0.2 ಮಿ.ಮೀ. ಹೆಚ್ಚು ಓದಿದರೆ ಶೇ. 7ರಷ್ಟು ತಪ್ಪು. ಒಂದು ಕಡೆ ಬಣ್ಣ ಕೆರೆದು ವರ್ನಿಯರ್ ಕ್ಯಾಲಿಪರ್ ಹಿಡಿಯಿರಿ, ಅಳೆದ ಮೇಲೆ ಅಲ್ಲಿಗೆ ಬಣ್ಣ ಹಚ್ಚಿಬಿಡಿ. ಸ್ಪ್ರಿಂಗ್ ಮುರಿಯುವುದು ಹೆಚ್ಚಾಗಿ ತುಕ್ಕು ಹಿಡಿದ ಗೀರಿನಿಂದ.

‘ಪ್ರೀಲೋಡ್ ಬಿಗಿ ಮಾಡಿದರೆ ಗಟ್ಟಿಯಾಗುತ್ತದೆ’ ಎಂದು ಯಾರಾದರೂ ಹೇಳಬಹುದು. ಆಗುವುದಿಲ್ಲ. ಸಮ ಸುರುಳಿಯ ಸ್ಪ್ರಿಂಗ್‌ನಲ್ಲಿ ಪ್ರೀಲೋಡ್, ಅಂದರೆ ಕಾಲರ್ (ಸ್ಪ್ರಿಂಗ್ ತುದಿಯ ತಿರುಗುವ ಉಂಗುರ) ತಿರುಗಿಸಿ ಸ್ಪ್ರಿಂಗನ್ನು ಮೊದಲೇ ಒತ್ತಿಡುವುದು, ಬೈಕಿನ ಎತ್ತರವನ್ನಷ್ಟೇ ಬದಲಿಸುತ್ತದೆ. ಕಾಲರನ್ನು 1 ಮಿ.ಮೀ. ತಿರುಗಿಸಿ ಒತ್ತಿದರೆ ನಿಮ್ಮ ಬೈಕಿನ ಹಿಂಭಾಗ ಸುಮಾರು 2.7 ಮಿ.ಮೀ. ಏರುತ್ತದೆ. ಪ್ರತಿ ಮಿ.ಮೀ.ಗೆ ಎಷ್ಟು ನ್ಯೂಟನ್ ಎಂಬುದು ಹಾಗೇ ಉಳಿಯುತ್ತದೆ. ಮೆತ್ತನೆಯ ಸ್ಪ್ರಿಂಗನ್ನು ಪ್ರೀಲೋಡ್‌ನಿಂದ ಸರಿ ಮಾಡಲು ಹೋದವರ ಬೈಕು ಒಬ್ಬರೇ ಇದ್ದಾಗ ಸಣ್ಣ ಉಬ್ಬಿಗೂ ಪೂರ್ತಿ ಮೇಲೆ ಬಂದು ಟಕ್ ಎಂದು ಬಡಿಯುತ್ತದೆ, ಇಬ್ಬರಿದ್ದಾಗ ಗುಂಡಿಯಲ್ಲಿ ಕೊನೆಗೆ ಬಡಿಯುತ್ತದೆ.

ನಿಮ್ಮ ಹಳೆಯ ಸ್ಪ್ರಿಂಗನ್ನೇ ಹೊಸ ಶಾಕ್‌ಗೆ ಹಾಕಬಹುದೇ? ಎಷ್ಟೋ ಸಲ ಅದೇ ಒಳ್ಳೆಯ ದಾರಿ. ಮೂರು ಸಂಗತಿ ನೋಡಿಕೊಳ್ಳಿ. ಒಳವ್ಯಾಸ ಹೊಸ ಶಾಕ್‌ನ ಮೇಲಿನ ಕಾಲರ್ ಮತ್ತು ಕೆಳಗಿನ ತಟ್ಟೆಗೆ ಸರಿಯಾಗಿ ಕೂರಬೇಕು, 1 ಮಿ.ಮೀ.ಗಿಂತ ಹೆಚ್ಚು ಅಲ್ಲಾಡಿದರೆ ಸ್ಪ್ರಿಂಗ್ ಓರೆಯಾಗಿ ಸಿಲಿಂಡರನ್ನು ಉಜ್ಜುತ್ತದೆ. ಕಾಲರ್ ತಿರುಗುವ ವ್ಯಾಪ್ತಿಯೊಳಗೆ 5ರಿಂದ 15 ಮಿ.ಮೀ. ಪ್ರೀಲೋಡ್ ಸಿಗಬೇಕು. ಶಾಕ್ ಪೂರ್ತಿ ಒತ್ತಿಕೊಂಡಾಗ ಸುರುಳಿಗಳು ಒಂದಕ್ಕೊಂದು ಕಚ್ಚಿಕೊಳ್ಳಬಾರದು. 170 ಮಿ.ಮೀ. ಉದ್ದದ, ಏಳೂವರೆ ಸುರುಳಿಯ, 11 ಮಿ.ಮೀ. ತಂತಿಯ ಸ್ಪ್ರಿಂಗ್ 82.5 ಮಿ.ಮೀ.ಗೆ ಕಚ್ಚಿಕೊಳ್ಳುತ್ತದೆ, ಅಂದರೆ 87.5 ಒತ್ತಬಹುದು. 10 ಪ್ರೀಲೋಡ್, 50 ಸ್ಟ್ರೋಕ್ ಸೇರಿ 60, ಜಾಗ ಬೇಕಾದಷ್ಟಿದೆ. ಕನಿಷ್ಠ 5 ಮಿ.ಮೀ. ಉಳಿಯಬೇಕು.

ಸ್ಪ್ರಿಂಗ್ ಬಿಚ್ಚುವಾಗ ಮೊದಲು ಕಾಲರನ್ನು ಪೂರ್ತಿ ಸಡಿಲಿಸಿ, ಆಮೇಲೆ ಸ್ಪ್ರಿಂಗ್ ಕಂಪ್ರೆಸರ್ ಹಾಕಿ. 100 ನ್ಯೂಟನ್ ಸ್ಪ್ರಿಂಗ್ ಬರೀ 10 ಮಿ.ಮೀ. ಒತ್ತಿದ್ದರೂ ಹಿಂದೆ 100 ಕೆ.ಜಿ. ತೂಕದಷ್ಟು ಬಲ ಕಾಯುತ್ತಿರುತ್ತದೆ. ಇಬ್ಬರು ಕೈಯಲ್ಲಿ ಒತ್ತಿ ಹಿಡಿದು ಮೂರನೆಯವರು ಲಾಕ್ ಎಳೆಯುವ ಪದ್ಧತಿಯಲ್ಲಿ ಬೆರಳು ಹೋಗುತ್ತದೆ.

ಡ್ಯಾಂಪಿಂಗ್‌ಗೂ (ಎಣ್ಣೆ ಶಾಕ್‌ನ ಚಲನೆಯನ್ನು ತಡೆದು ಹಿಡಿಯುವುದು) ಅದೇ ವರ್ಗದ ಲೆಕ್ಕ. 250ರ ಬೈಕಿನಲ್ಲಿ ಸರಿಯಿದ್ದ ಎಣ್ಣೆಯ ಹಿಡಿತ ನಿಮ್ಮ ಚಕ್ರದಲ್ಲಿ ಸುಮಾರು ಮೂರನೇ ಎರಡರಷ್ಟಕ್ಕೆ ಇಳಿಯುತ್ತದೆ. ಅದರ ಮೇಲೆ ನೀವು ಗಟ್ಟಿಯಾದ ಹಳೆಯ ಸ್ಪ್ರಿಂಗನ್ನೂ ಹಾಕಿದರೆ ಅದು ಚಿಮ್ಮುವ ರಭಸವನ್ನು ಹಿಡಿಯಲು ಇನ್ನೂ ಹೆಚ್ಚು ರಿಬೌಂಡ್ (ಶಾಕ್ ಮರಳಿ ಚಾಚುವಾಗಿನ ಹಿಡಿತ) ಬೇಕು. ಆದ್ದರಿಂದ ನಿಮ್ಮ ಕೈಯಲ್ಲಿರುವ ಶಾಕ್‌ಗೆ ರಿಬೌಂಡ್ ಸ್ಕ್ರೂ ಇದೆಯೇ ಎಂಬುದು ನನ್ನ ಮಟ್ಟಿಗೆ ನಿರ್ಣಾಯಕ. ಸಾಮಾನ್ಯವಾಗಿ ಅದು ಕೆಳಗಿನ ಕಣ್ಣಿನ ಹತ್ತಿರ ಇರುತ್ತದೆ. ಇದ್ದರೆ ಮುಂದುವರಿಯಿರಿ. ಇಲ್ಲದಿದ್ದರೆ ಉಬ್ಬು ದಾಟಿದ ಮೇಲೆ ಬೈಕು ಎರಡು ಮೂರು ಸಲ ಕುಣಿಯುವ ಸಾಧ್ಯತೆ ಹೆಚ್ಚು. ಆಗ ಒಳಗಿನ ಶಿಮ್‌ಗಳನ್ನು (ಎಣ್ಣೆಯ ಹರಿವನ್ನು ತಡೆಯುವ ತೆಳು ಬಿಲ್ಲೆಗಳನ್ನು) ಬದಲಿಸಬೇಕು, ಅಷ್ಟರಮಟ್ಟಿಗೆ ಖರ್ಚು ಮಾಡುವ ಬದಲು ಹಳೆಯ ಶಾಕ್‌ಗೇ ಸೀಲ್ ಮತ್ತು ಎಣ್ಣೆ ಹಾಕಿಸಲು ಆಗುತ್ತದೆಯೇ ಎಂದು ವಿಚಾರಿಸುವುದು ವಾಸಿ.

ಇನ್ನು ಬುಷ್. ಬೈಕಿನ ಬೋಲ್ಟ್ 10, ಕಣ್ಣಿನ ತೂತು 12. ಅತ್ಯುತ್ತಮ ದಾರಿ, ಹೊಸ ಶಾಕ್‌ನ ಕಣ್ಣಿನಲ್ಲಿರುವ ಬುಷ್ಷನ್ನು ಪೂರ್ತಿ ಪ್ರೆಸ್‌ನಿಂದ ಹೊರತೆಗೆದು, ಹೊರವ್ಯಾಸ ಅದೇ ಇದ್ದು 10 ಮಿ.ಮೀ. ತೂತಿರುವ ಬುಷ್ ಕೂರಿಸುವುದು. ಹಳೆಯ ಶಾಕ್‌ನ ಬುಷ್ಷನ್ನೇ ಅಳೆದು ನೋಡಿ, ಕೆಲವೊಮ್ಮೆ ಅದೇ ಕೂರುತ್ತದೆ. ಆಗದಿದ್ದರೆ ಲೇತ್‌ನಲ್ಲಿ ಒಳ ಕೊಳವೆ ಮಾಡಿಸಿ. ಹೊರಗೆ 12, ಒಳಗೆ 10, ಗೋಡೆ ಬರೀ 1 ಮಿ.ಮೀ. ಇಷ್ಟು ತೆಳ್ಳಗಿರುವುದರಿಂದ ಉಕ್ಕಿನದೇ ಆಗಬೇಕು, ಹಿತ್ತಾಳೆ, ಅಲ್ಯೂಮಿನಿಯಂ, ನೈಲಾನ್ ಬೇಡ. ಕಣ್ಣಿನ ಪೂರ್ತಿ ಅಗಲಕ್ಕೆ ಒಂದೇ ತುಂಡಾಗಿರಬೇಕು. ತಗಡನ್ನು ಸುತ್ತಿ ತುರುಕುವುದನ್ನು ಒಪ್ಪಿಕೊಳ್ಳಬೇಡಿ. ಕೊಳವೆ ಒತ್ತಿದರೆ ಹೋಗಬೇಕು, ಬೆರಳಲ್ಲಿ ಅಲ್ಲಾಡಿಸಿದರೆ ಅಲ್ಲಾಡಬಾರದು. ಇಲ್ಲಿ 0.2 ಮಿ.ಮೀ. ಸಡಿಲವಿದ್ದರೆ ಚಕ್ರದಲ್ಲಿ ಅರ್ಧ ಮಿ.ಮೀ.ಗೂ ಹೆಚ್ಚು, ಪ್ರತಿ ಉಬ್ಬಿಗೂ ಬೋಲ್ಟಿಗೆ ಸುತ್ತಿಗೆ ಪೆಟ್ಟು ಬಿದ್ದಂತೆ.

ಇದರ ಬದಲು ಸ್ವಿಂಗ್‌ಆರ್ಮ್‌ನ ಬ್ರ್ಯಾಕೆಟ್ ತೂತನ್ನೇ 12ಕ್ಕೆ ಕೊರೆಯೋಣ ಎಂದರೆ ಬೇಡವೆನ್ನಿ. ಬ್ರ್ಯಾಕೆಟ್‌ನ ಅಂಚು ತೆಳುವಾಗುತ್ತದೆ, ಬಿರುಕು ಅಲ್ಲಿಂದಲೇ ಶುರುವಾಗುತ್ತದೆ, ಹಿಂದಿರುಗುವ ದಾರಿಯೂ ಇರುವುದಿಲ್ಲ. ಅಲ್ಯೂಮಿನಿಯಂ ಕಣ್ಣನ್ನು ಗ್ರೈಂಡರ್‌ನಿಂದ ಸವೆಸುವುದು, ಅದಕ್ಕೆ ವೆಲ್ಡ್ ಮಾಡುವುದು ಕೂಡ ಇದೇ ಸಾಲಿಗೆ ಸೇರಿದ್ದು.

ಅಗಲದ 4 ಮಿ.ಮೀ. ಕೊರತೆಗೆ ಎರಡು ಕಡೆಗೂ 2 ಮಿ.ಮೀ. ದಪ್ಪದ ಗಟ್ಟಿ ಉಕ್ಕಿನ ವಾಷರ್ ಹಾಕಿ. ಒಂದೇ ಕಡೆ 4 ಹಾಕಿದರೆ ಶಾಕ್ ಓರೆಯಾಗಿ ನಿಂತು ಸೀಲ್ ಒಂದೇ ಬದಿ ಸವೆಯುತ್ತದೆ. ವಾಷರಿನ ಹೊರವ್ಯಾಸ ಒಳ ಕೊಳವೆಯಷ್ಟೇ ಇರಲಿ, ದೊಡ್ಡದಾದರೆ ಕಣ್ಣಿನ ಹೊರ ಉಂಗುರವನ್ನೂ ಸೇರಿಸಿ ಹಿಡಿದುಬಿಡುತ್ತದೆ, ಆಗ ಬುಷ್ ತಿರುಗುವುದಿಲ್ಲ. ಒಳ ಕೊಳವೆ ಕಣ್ಣಿನ ಅಗಲಕ್ಕಿಂತ 0.3 ಮಿ.ಮೀ.ಯಷ್ಟು ಉದ್ದವಿರಬೇಕು ಎಂಬುದಕ್ಕೂ ಕಾರಣ ಇದೇ: ಬೋಲ್ಟ್ ಬಿಗಿದಾಗ ಹಿಡಿತಕ್ಕೆ ಸಿಗಬೇಕಾದದ್ದು ಕೊಳವೆ, ಕಣ್ಣಲ್ಲ. ವಾಷರ್ ಹಾಕದೆ ಬೋಲ್ಟ್ ಬಿಗಿದು ಬ್ರ್ಯಾಕೆಟ್‌ನ ಎರಡು ಕಿವಿಗಳನ್ನು ಹತ್ತಿರ ಎಳೆಯುವುದು ಎಲ್ಲೆಡೆ ಕಾಣುವ ಕೆಟ್ಟ ಅಭ್ಯಾಸ. ಅದರಿಂದ ಕಿವಿಯ ಬುಡದ ವೆಲ್ಡ್ ಬಿರಿಯುತ್ತದೆ. ಬೋಲ್ಟ್ 8.8 ಅಥವಾ 10.9 ದರ್ಜೆಯದಿರಲಿ, ಮರೆಯ (ಥ್ರೆಡ್) ಭಾಗ ಕಣ್ಣಿನೊಳಗೆ ಬರದ ಹಾಗೆ ನಯವಾದ ಕಾಂಡದ ಉದ್ದ ನೋಡಿ ಆರಿಸಿ. ನೈಲಾನ್ ಲಾಕ್ ನಟ್ ಹೊಸದು ಹಾಕಿ.

ಕೂರಿಸುವ ಮೊದಲು ಜಾಗದ ಪರೀಕ್ಷೆ. ಸ್ಪ್ರಿಂಗ್ ಇಲ್ಲದ ಶಾಕನ್ನು ಬೋಲ್ಟ್ ಹಾಕಿ ನಿಲ್ಲಿಸಿ, ಚಕ್ರವನ್ನು ಕೈಯಲ್ಲಿ ಕೆಳಗಿನಿಂದ ಕೊನೆಯವರೆಗೆ ನಿಧಾನವಾಗಿ ಎತ್ತಿ. ಬಂಪ್ ರಬ್ಬರ್ ತೆಗೆದಿಟ್ಟರೆ ಇನ್ನೂ ಒಳ್ಳೆಯದು, ಅದು ಪೂರ್ತಿ ಹಿಸುಕಿದಾಗಿನ ಸ್ಥಿತಿಗಿಂತಲೂ ಕೆಟ್ಟ ಸ್ಥಿತಿ ನೋಡಿದಂತಾಗುತ್ತದೆ. ಗ್ಯಾಸ್ ಡಬ್ಬಿ ಏರ್‌ಫಿಲ್ಟರ್ ಡಬ್ಬಕ್ಕೆ, ಬ್ಯಾಟರಿ ತಟ್ಟೆಗೆ, ಸೈಲೆನ್ಸರ್ ಕೊಳವೆಗೆ ಎಲ್ಲಿ ಹತ್ತಿರವಾಗುತ್ತದೆ ನೋಡಿ. ಕದಲದ ಭಾಗಗಳಿಗೆ 5 ಮಿ.ಮೀ., ಚೈನು, ಟೈರಿನಂಥ ಚಲಿಸುವ ಭಾಗಗಳಿಗೆ ಕನಿಷ್ಠ 10 ಮಿ.ಮೀ. ಅಂತರವಿರಲಿ. ಕಣ್ಣಿಗೆ ಕಾಣದ ಸಂದಿಗಳಲ್ಲಿ ಆಡುವ ಜೇಡಿಯನ್ನು ಉಂಡೆ ಮಾಡಿ ಅಂಟಿಸಿ, ಚಕ್ರ ಎತ್ತಿ ಇಳಿಸಿ, ಚಪ್ಪಟೆಯಾದ ಉಂಡೆಯ ದಪ್ಪ ಅಳೆದರೆ ಅಂತರ ಗೊತ್ತಾಗುತ್ತದೆ. ಡಬ್ಬಿ ತಗುಲುತ್ತಿದ್ದರೆ ಶಾಕನ್ನು ತಲೆಕೆಳಗು ಮಾಡೋಣ ಅನ್ನಿಸಬಹುದು. ಗ್ಯಾಸ್ ಮತ್ತು ಎಣ್ಣೆ ನಡುವೆ ತೇಲುವ ಪಿಸ್ಟನ್ ಅಥವಾ ರಬ್ಬರ್ ಚೀಲ ಇರುವ ಶಾಕ್ ಹೇಗೆ ನಿಂತರೂ ಕೆಲಸ ಮಾಡುತ್ತದೆ. ಅವೆರಡೂ ಇಲ್ಲದ ಸಾಧಾರಣ ಶಾಕ್ ತಲೆಕೆಳಗಾದರೆ ಗ್ಯಾಸ್ ವಾಲ್ವಿನೊಳಗೆ ನುಗ್ಗಿ ಡ್ಯಾಂಪಿಂಗ್ ಕೈಕೊಡುತ್ತದೆ.

ಈ ಹಂತದಲ್ಲೇ ಚಕ್ರ ಪೂರ್ತಿ ಕೆಳಗೆ ಜೋತಾಗ ಏನಾಗುತ್ತದೆ ಎಂದೂ ನೋಡಿ. ಹಿಂದಿನ ಬ್ರೇಕ್ ಹೋಸ್, ಎಬಿಎಸ್ ಸೆನ್ಸರ್ ವೈರ್ ಬಿಗಿಯಾಗಬಾರದು. ಚೈನು ಸ್ವಿಂಗ್‌ಆರ್ಮ್ ಮೇಲಿನ ರಬ್ಬರ್ ಪಟ್ಟಿಯನ್ನು ಒತ್ತಿ ಉಜ್ಜಬಾರದು. ಸೆಂಟರ್ ಸ್ಟ್ಯಾಂಡ್ ಹಾಕಿದಾಗ ಚಕ್ರ ನೆಲಕ್ಕೆ ತಾಗುತ್ತಿದ್ದರೆ ಅದೂ ಉದ್ದ ಹೆಚ್ಚಾದುದರ ಫಲ.

ಆ 5 ಮಿ.ಮೀ. ಹೆಚ್ಚುವರಿ ಉದ್ದದ ಬೆಲೆ ಹೇಳುತ್ತೇನೆ ಎಂದಿದ್ದೆನಲ್ಲ. ಸ್ಟ್ರೋಕ್‌ಗೆ ಬಳೆ ಹಾಕಿ ಬಿಚ್ಚಿದ ಉದ್ದವನ್ನು ಹಾಗೇ ಬಿಟ್ಟರೆ, ಭಾರಕ್ಕೆ ಬೈಕು ಇಳಿಯುವ ಪ್ರಮಾಣ ಬದಲಾಗದೆ, ಅಂದರೆ ಅದೇ ಸ್ಯಾಗ್‌ನಲ್ಲಿ ಹಿಂಭಾಗ 13 ಮಿ.ಮೀ. ಎತ್ತರವಾಗುತ್ತದೆ. ಎರಡು ಚಕ್ರಗಳ ಆ್ಯಕ್ಸಲ್ ನಡುವೆ 1350 ಮಿ.ಮೀ. ವೀಲ್‌ಬೇಸ್ ಇರುವ ಬೈಕಿನಲ್ಲಿ ಹ್ಯಾಂಡಲಿನ ಕಂಬ ಅರ್ಧ ಡಿಗ್ರಿಗೂ ಸ್ವಲ್ಪ ಹೆಚ್ಚು ನೆಟ್ಟಗಾಗುತ್ತದೆ, ಟ್ರೇಲ್ (ಹ್ಯಾಂಡಲಿನ ಕಂಬದ ಗೆರೆ ನೆಲ ಮುಟ್ಟುವ ಬಿಂದುವಿನಿಂದ ಮುಂದಿನ ಟೈರು ನೆಲ ಮುಟ್ಟುವ ಬಿಂದುವಿಗಿರುವ ಅಂತರ) 3ರಿಂದ 4 ಮಿ.ಮೀ. ಕಡಿಮೆಯಾಗುತ್ತದೆ. ತಿರುವಿನಲ್ಲಿ ಬೈಕು ಚುರುಕಾಗಿ ಬಾಗುತ್ತದೆ, ವೇಗದಲ್ಲಿ ಮುಂಭಾಗ ಕೊಂಚ ಹಗುರ ಅನ್ನಿಸುತ್ತದೆ. ಇಷ್ಟನ್ನು ಹೆಚ್ಚಿನ ಬೈಕುಗಳು ತಾಳಿಕೊಳ್ಳುತ್ತವೆ. 10 ಮಿ.ಮೀ. ಉದ್ದದ ಶಾಕ್ ಆದರೆ ಎಲ್ಲವೂ ಇಮ್ಮಡಿ, ಅದಕ್ಕೆ ನಾನು ಹೂಂ ಎನ್ನುವುದಿಲ್ಲ. ಸೈಡ್ ಸ್ಟ್ಯಾಂಡ್ ಮೇಲೆ ಬೈಕು ಹೆಚ್ಚು ವಾಲುತ್ತದೆ, ಹೆಡ್‌ಲೈಟ್ ಕೆಳಗೆ ಬೀಳುತ್ತದೆ, ಅದನ್ನು ಮತ್ತೆ ಹೊಂದಿಸಿ.

ಬಿಚ್ಚುವಾಗ ಬೈಕು ನಿಲ್ಲಿಸುವ ಬಗೆ ಮುಖ್ಯ. ಸ್ವಿಂಗ್‌ಆರ್ಮ್ ಹಿಡಿದು ಎತ್ತುವ ಪ್ಯಾಡಕ್ ಸ್ಟ್ಯಾಂಡ್ ಇಲ್ಲಿ ಉಪಯೋಗವಿಲ್ಲ, ಶಾಕ್ ಬಿಚ್ಚಿದ ಕೂಡಲೇ ಬೈಕು ಕುಸಿಯುತ್ತದೆ. ಭಾರ ಚಾಸಿಯ ಮೇಲೆ ನಿಲ್ಲಬೇಕು, ಸೆಂಟರ್ ಸ್ಟ್ಯಾಂಡ್ ಅಥವಾ ಚಾಸಿಯ ಕೆಳಗೆ ಜಾಕ್. ಚಕ್ರದ ಕೆಳಗೆ ಮರದ ತುಂಡು ಸೇರಿಸುತ್ತಾ ಹೋದರೆ ಒಂದು ಹಂತದಲ್ಲಿ ಬೋಲ್ಟ್ ಮೇಲಿನ ಭಾರ ಇಳಿದು ಅದು ಬೆರಳಿಗೇ ಬರುತ್ತದೆ. ಸುತ್ತಿಗೆ ಬೇಕಾಯಿತು ಅಂದರೆ ಎತ್ತರ ಸರಿಯಿಲ್ಲ, ಇಲ್ಲವೇ ತುಕ್ಕು ಹಿಡಿದಿದೆ. ಹೇಗೂ ಬಿಚ್ಚಿದ್ದೀರಿ, ಸ್ವಿಂಗ್‌ಆರ್ಮನ್ನು ಅಕ್ಕಪಕ್ಕ ಅಲ್ಲಾಡಿಸಿ ಅದರ ಬುಷ್‌ಗಳಲ್ಲಿ ಆಟ ಇದೆಯೇ ನೋಡಿಬಿಡಿ. ಅಲ್ಲಿ ಆಟವಿದ್ದರೆ ಯಾವ ಶಾಕ್ ಹಾಕಿದರೂ ಬೈಕು ನೇರ ಹೋಗದು.

ರಬ್ಬರ್ ಬುಷ್ ಇರುವ ಕಣ್ಣುಗಳ ಬೋಲ್ಟನ್ನು ಚಕ್ರ ಜೋತಿರುವಾಗ ಪೂರ್ತಿ ಬಿಗಿಯಬೇಡಿ. ಕೈಬಿಗಿ ಮಾಡಿ ಬೈಕನ್ನು ನೆಲಕ್ಕಿಳಿಸಿ, ಒಬ್ಬರು ಮೇಲೆ ಕೂತಾಗ ಬಿಗಿಯಿರಿ. ಇಲ್ಲದಿದ್ದರೆ ರಬ್ಬರ್ ಸದಾ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ. ಬಿಗಿತ ನಿಮ್ಮ ಬೈಕಿನ ಮ್ಯಾನ್ಯುವಲ್‌ನಲ್ಲಿರುವಷ್ಟೇ, 10 ಮಿ.ಮೀ.ಯ 8.8 ದರ್ಜೆಯ ಬೋಲ್ಟಿಗೆ ಅದು ಸಾಮಾನ್ಯವಾಗಿ 40ರಿಂದ 50 ನ್ಯೂಟನ್ ಮೀಟರ್.

ನಂತರ ಸ್ಯಾಗ್. ಚಕ್ರ ಪೂರ್ತಿ ಜೋತಾಗ ಆ್ಯಕ್ಸಲ್‌ನಿಂದ ಮೇಲಿನ ಗುರುತಿಗೆ ಇರುವ ಅಂತರ, ಬೈಕು ತನ್ನ ಭಾರದಲ್ಲೇ ನಿಂತಾಗಿನದು, ನೀವು ಕೂತಾಗಿನದು, ಮೂರನ್ನೂ ಬರೆದುಕೊಳ್ಳಿ. ಸೀಲಿನ ತಿಕ್ಕಾಟದಿಂದ ಅಳತೆ ಏರುಪೇರಾಗುತ್ತದೆ, ಆದ್ದರಿಂದ ಒಮ್ಮೆ ಬೈಕನ್ನು ಅದುಮಿ ಮೆಲ್ಲಗೆ ಬಿಟ್ಟು, ಇನ್ನೊಮ್ಮೆ ಎತ್ತಿ ಮೆಲ್ಲಗೆ ಬಿಟ್ಟು, ಎರಡರ ಸರಾಸರಿ ಹಿಡಿಯಿರಿ. 120 ಮಿ.ಮೀ. ಚಲನೆಯ ರಸ್ತೆ ಬೈಕಿನಲ್ಲಿ ಸವಾರ ಕೂತಾಗ 30ರಿಂದ 35 ಮಿ.ಮೀ. ಇಳಿಯಬೇಕು, ಖಾಲಿ ಬೈಕು 5ರಿಂದ 15. ಸವಾರನ ಅಳತೆಯನ್ನು ಪ್ರೀಲೋಡ್‌ನಿಂದ ಸರಿ ಮಾಡಿದ ಮೇಲೆ ಖಾಲಿ ಬೈಕು ಇಳಿಯುವುದೇ ಇಲ್ಲ ಅಂದರೆ ಸ್ಪ್ರಿಂಗ್ ಮೆತ್ತಗಿದೆ. ಖಾಲಿ ಬೈಕೇ 20 ಇಳಿದರೆ ಸ್ಪ್ರಿಂಗ್ ಹೆಚ್ಚು ಗಟ್ಟಿ. ಎರಡಕ್ಕೂ ಪರಿಹಾರ ಬೇರೆ ಸ್ಪ್ರಿಂಗ್. ಹಿಂದೆ ಕೂರುವವರು ಇರುವಾಗಿನ ಅಳತೆಯನ್ನೂ ತೆಗೆಯಿರಿ, ನಿಮಗೆ ಅದೇ ಮುಖ್ಯ. ಇಬ್ಬರ ಭಾರಕ್ಕೆ ಚಲನೆಯ ಶೇ. 40, ಅಂದರೆ 48 ಮಿ.ಮೀ. ಮೀರದ ಹಾಗೆ ಪ್ರೀಲೋಡ್ ಹೊಂದಿಸಿ, ಕಾಲರಿನ ಆ ಸ್ಥಾನಕ್ಕೆ ಬಣ್ಣದ ಚುಕ್ಕೆ ಇಡಿ. ಒಬ್ಬರೇ ಓಡಿಸುವ ಸ್ಥಾನಕ್ಕೆ ಇನ್ನೊಂದು ಚುಕ್ಕೆ. ಸ್ಯಾಗ್ ಸರಿಯಾದ ಮೇಲೆ ಚೈನಿನ ಸಡಿಲ ನೋಡಿ. ಮುಂದಿನ ಸ್ಪ್ರಾಕೆಟ್, ಸ್ವಿಂಗ್‌ಆರ್ಮ್ ಪಿವಟ್, ಹಿಂದಿನ ಆ್ಯಕ್ಸಲ್ ಒಂದೇ ಗೆರೆಗೆ ಬಂದಾಗ ಚೈನು ಅತಿ ಬಿಗಿ, ಆ ಸ್ಥಿತಿಯಲ್ಲೂ ಸ್ವಲ್ಪ ಸಡಿಲ ಉಳಿಯಬೇಕು.

ರಿಬೌಂಡ್ ಸ್ಕ್ರೂವನ್ನು ಮೊದಲು ಪೂರ್ತಿ ಮುಚ್ಚಿ, ಅಲ್ಲಿಂದ ಎಣಿಸುತ್ತಾ ಅರ್ಧದವರೆಗೆ ತೆರೆಯಿರಿ. ಸೀಟನ್ನು ಜೋರಾಗಿ ಅದುಮಿ ಬಿಟ್ಟಾಗ ಹಿಂಭಾಗ ಒಂದೇ ಸಲಕ್ಕೆ ಮೇಲೆ ಬಂದು ನಿಲ್ಲಬೇಕು. ಮೇಲೆ ಬಂದು ಮತ್ತೆ ಇಳಿದರೆ ಎರಡು ಕ್ಲಿಕ್ ಮುಚ್ಚಿ. ತೆವಳಿಕೊಂಡು ಬಂದರೆ ಎರಡು ತೆರೆಯಿರಿ. ಓಡಿಸುವಾಗ ಸಾಲು ಉಬ್ಬುಗಳ ಮೇಲೆ ಹೋದಂತೆ ಹಿಂಭಾಗ ಇಳಿಯುತ್ತಾ, ಗಟ್ಟಿಯಾಗುತ್ತಾ ಹೋಗುತ್ತಿದ್ದರೆ ರಿಬೌಂಡ್ ಹೆಚ್ಚಾಗಿದೆ. ಇದನ್ನು ಸ್ಪ್ರಿಂಗ್ ಗಟ್ಟಿ ಎಂದು ತಪ್ಪಾಗಿ ತಿಳಿಯುವವರು ಬಹಳ.

ಮೊದಲ ಓಟಕ್ಕೆ ಮುಂಚೆ ಶಾಕ್‌ನ ರಾಡಿಗೆ ಒಂದು ಸಣ್ಣ ಕೇಬಲ್ ಟೈ ಸುತ್ತಿ, ಸಿಲಿಂಡರಿನ ತುದಿಗೆ ತಾಗಿಸಿಡಿ. ಬಿಗಿ ಬೇಡ, ಬೆರಳಲ್ಲಿ ತಳ್ಳಿದರೆ ಸರಿಯುವಷ್ಟಿರಲಿ. ರಾಡ್ ಒಳಗೆ ಹೋದಾಗಲೆಲ್ಲ ಸಿಲಿಂಡರ್ ಅದನ್ನು ತಳ್ಳುತ್ತದೆ, ಅತಿ ದೊಡ್ಡ ಹೊಡೆತ ಎಷ್ಟು ಆಳಕ್ಕೆ ಹೋಯಿತು ಎಂಬುದು ಅದು ನಿಂತ ಜಾಗದಿಂದ ತಿಳಿಯುತ್ತದೆ. ಇಬ್ಬರು ಕೂತು ನಿಮ್ಮ ಎಂದಿನ ಕೆಟ್ಟ ರಸ್ತೆಯಲ್ಲಿ ಹೋಗಿಬಂದ ಮೇಲೆ ಟೈ ಬಂಪ್ ರಬ್ಬರನ್ನು ಈಗಷ್ಟೇ ಮುಟ್ಟಿದ್ದರೆ ಸ್ಪ್ರಿಂಗ್ ಸರಿಯಾಗಿದೆ. ರಬ್ಬರಿನೊಳಗೆ ಹುದುಗಿ ಹಿಸುಕಿದ್ದರೆ ಸ್ಪ್ರಿಂಗ್ ಸಾಲದು, ಪ್ರೀಲೋಡ್ ಏರಿಸಿ ಸುಮ್ಮನಾಗಬೇಡಿ. ಮಡ್‌ಗಾರ್ಡಿನ ಒಳಮೈಗೆ ಕಾಗದದ ಟೇಪ್ ಅಂಟಿಸಿದ್ದರೆ ಟೈರು ತಾಗಿದ್ದರೂ ಕರಿ ಗೆರೆಯಾಗಿ ಕಾಣುತ್ತದೆ. 100 ಕಿ.ಮೀ. ಆದ ಮೇಲೆ ಎರಡೂ ಬೋಲ್ಟ್‌ಗಳ ಬಿಗಿತ ಮತ್ತೆ ನೋಡಿ, ಕೆಳಗಿನ ಬೋಲ್ಟನ್ನು ಹೊರತೆಗೆದು ಮಾಡಿಸಿದ ಕೊಳವೆಯ ಮೇಲೆ ಹೊಳೆಯುವ ಸವೆತದ ಗುರುತಿದೆಯೇ ಪರೀಕ್ಷಿಸಿ.

ನಿಮ್ಮ ಶಾಕ್ ವಿಷಯದಲ್ಲಿ ಸ್ಟ್ರೋಕ್, ಸ್ಪ್ರಿಂಗ್ ತಂತಿಯ ದಪ್ಪ, ರಿಬೌಂಡ್ ಸ್ಕ್ರೂ ಇದೆಯೋ ಇಲ್ಲವೋ, ಈ ಮೂರು ಗೊತ್ತಾಗುವವರೆಗೆ ಬುಷ್ ಮಾಡಿಸಲು ಕೊಡಬೇಡಿ. ರಿಬೌಂಡ್ ಸ್ಕ್ರೂ ಇದ್ದು, ಹಳೆಯ ಸ್ಪ್ರಿಂಗ್ ಅದಕ್ಕೆ ಕೂರುತ್ತದೆ ಎಂದಾದರೆ, ಬಳೆ ಹಾಕಿ ಸ್ಟ್ರೋಕ್ ಕಡಿಮೆ ಮಾಡಿ ಈ ಶಾಕನ್ನು ಧೈರ್ಯವಾಗಿ ಹಾಕಿಸಿ. ಅದರದೇ ಸ್ಪ್ರಿಂಗ್‌ನಲ್ಲಿ, ಇಬ್ಬರ ಭಾರಕ್ಕೆ, ಬೇಡ.